ಎದುರಂಗಡಿಯ ಗಾದಿ

ಹಿತ್ತಲ ಗಿಡ ಮದ್ದಲ್ಲ ಎಂಬುದು ನಿಮ್ಮ ಊರುಗಳಲ್ಲಿ ಬರೀ ಗಾದೆ. ಹೇಳಿ, ನಕ್ಕು, ಮರೆತುಬಿಡುತ್ತೀರಿ. ನಮ್ಮೂರಿನಲ್ಲಿ ಅದೇ ಬದುಕು. ಇಲ್ಲಿ ಯಾರ ಕಸುಬೂ ಅವರವರ ಮನೆಯಲ್ಲಿ ನಡೆಯುವುದಿಲ್ಲ. ದರ್ಜಿ ಅಂಬಾಸಾ ಊರಿಗೆಲ್ಲ ಚೆಂದದ ಅಂಗಿ ಹೊಲಿಯುತ್ತಾನೆ. ತನಗೆಂದು ಒಂದು ಹೊಲಿದುಕೊಂಡರೆ ಸಂಜೆಯೊಳಗೆ ತೋಳು ಬಿಚ್ಚಿ ಕೈಗೆ ಬರುತ್ತದೆ. ಚನ್ನಮಲ್ಲಪ್ಪನ ಜಿಲೇಬಿಗೆ ಜನ ಮುಗಿಬೀಳುತ್ತಾರೆ, ಅವನ ಹೆಂಡತಿ ಮಕ್ಕಳ ಬಾಯಿಗೆ ಅದು ಸಪ್ಪೆ ಹಿಟ್ಟು. ಕುಂಬಾರರ ಮನೆಯಲ್ಲಿ ಅವರದೇ ಕೊಡ ಸೋರುತ್ತದೆ. ಹೂವಾಡಗಿತ್ತಿ ಕಟ್ಟಿದ ಮಾಲೆ ಅವಳ ಮಗಳ ಜಡೆ ಮುಟ್ಟಿದ ಕೂಡಲೇ ಬಾಡುತ್ತದೆ. ಯಾಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಿನ ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ನಾನು ಕೇಳಿದೆನೇ?

ಅದಕ್ಕೇ ನಮ್ಮಲ್ಲಿ ಪ್ರತಿ ಕಸುಬಿಗೂ ಎರಡು ಅಂಗಡಿ, ಎದುರುಬದುರು. ಹಾಗೆಂದ ಮಾತ್ರಕ್ಕೆ ನಾವು ಹೊಟ್ಟೆಕಿಚ್ಚು ಬಿಟ್ಟ ಸಂತರೆಂದು ತಿಳಿಯಬೇಡಿ. ಎದುರಂಗಡಿಯವನನ್ನು ಬೈಯದೆ ನಮ್ಮಲ್ಲಿ ಯಾರಿಗೂ ಬೆಳಗಿನ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಬೈದವನ ಹತ್ತಿರವೇ ಅಂಗಿಗೆ, ಕೊಡಕ್ಕೆ, ಹೂವಿಗೆ ಹೋಗಬೇಕಲ್ಲ, ಆದ್ದರಿಂದ ಬೈಗುಳಕ್ಕೂ ಒಂದು ಹದವಿದೆ. ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ಬಡಿದು ಜಗಳವಾಡುವಾಗಲೂ ಹೆಂಗಸರು ವಂಶವನ್ನೆಲ್ಲ ಜಾಲಾಡಿಯಾರು; “ನಿನ್ನ ಎದುರಂಗಡಿ ಮುಚ್ಚಲಿ” ಎಂಬ ಒಂದು ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ಮೇಲಿನ ಓಣಿಯ ಒಂದು ಕುಂಬಾರ ಮನೆ ಹಾಗೆ ಮುಚ್ಚಿದಾಗ ಎದುರಿನವರು ಒಂದಷ್ಟು ದಿನ ನೆರೆಯವರ ಕೊಡದಲ್ಲಿ ನೀರು ಕುಡಿದು, ಕೊನೆಗೆ ಗಂಟುಮೂಟೆ ಕಟ್ಟಿ ಊರನ್ನೇ ಬಿಟ್ಟರು. ಪರವೂರಿನಿಂದ ತರಿಸಿದ ಸಾಮಾನು ಕಸುಬುದಾರರ ಮನೆಗೆ ಒಗ್ಗುವುದಿಲ್ಲ. ಊರಿನ ಕೈಯೇ ಆಗಬೇಕು.

ನಾನು ಇಮಾಂಬಿ. ನಮ್ಮದು ಗಾದಿ ಅಂಗಡಿ. ಅರಳೆ ಹಿಂಜಿ, ಗಾದಿ, ದಿಂಬು ತುಂಬಿ ಹೊಲಿಯುತ್ತೇವೆ. ಓಣಿಯ ಆಚೆ ಬದಿಗೆ ದಸ್ತಗೀರಸಾಬರ ಅಂಗಡಿ. ನಮ್ಮ ಮಾವನವರ ಕಾಲದಿಂದ ಎರಡು ಮನೆಗಳಿಗೆ ಮಾತಿಲ್ಲ. ಯಾಕೆಂದು ಯಾರಿಗೂ ನೆನಪಿಲ್ಲ, ಬಿಟ್ಟುಕೊಡಲು ಮಾತ್ರ ಯಾರೂ ತಯಾರಿಲ್ಲ. ಗಾದಿಗಳು ಓಡಾಡುತ್ತಿದ್ದವು. ನಮ್ಮ ಗಾದಿ ಗಟ್ಟಿಯಾದರೆ ಸುತ್ತಿ ಅವರ ಕಟ್ಟೆಯ ಮೇಲಿಟ್ಟು ಬರುವುದು. ಅವರು ಹಿಂಜಿ, ತುಂಬಿ, ಹೊಲಿದು ನಮ್ಮ ಕಟ್ಟೆಯ ಮೇಲೆ ಇಟ್ಟುಹೋಗುವುದು. ಅವರದೂ ನಮ್ಮಲ್ಲಿ ಹಾಗೆಯೇ. ಒಂದು ಹಿಡಿ ಹತ್ತಿಕಾಳು ಸೇರಿಸಿ ಎದುರಿನವರ ಬೆನ್ನಿಗೆ ಚುಚ್ಚುವಂತೆ ಮಾಡುವುದು ಎಷ್ಟರ ಕೆಲಸ? ಎರಡೂ ಮನೆಯವರು ಎಂದೂ ಮಾಡಲಿಲ್ಲ. ಹಗಲೆಲ್ಲ ದಸ್ತಗೀರಸಾಬರ ಗಿರಾಕಿಗಳನ್ನು ಕೂಗಿ ಕೂಗಿ ಈ ಕಡೆಗೆ ಎಳೆಯುತ್ತಿದ್ದ ನಾನು, ಕತ್ತಲಾದ ಮೇಲೆ ಅವರು ತುಂಬಿದ ಗಾದಿಯ ಮೇಲೆ ಮೈಮರೆತು ಮಲಗುತ್ತಿದ್ದೆ.

ನಮ್ಮ ಮನೆಯವರು ತೀರಿಕೊಂಡ ಮೇಲೆ ಬಿಲ್ಲು ಹಿಡಿದು ಹಿಂಜುವ ಶಕ್ತಿ ನನಗಿರಲಿಲ್ಲ. ಬಿಲ್ಲೆಂದರೆ ಆಳುದ್ದದ್ದು. ಅದರ ತಂತಿಯನ್ನು ಅರಳೆಯೊಳಗೆ ಇಳಿಸಿ ಮರದ ಕೊಡತಿಯಿಂದ ಬಡಿಯುತ್ತಾ ಹೋದರೆ ಅರಳೆ ಬಿಡಿಬಿಡಿಯಾಗಿ ಏಳುತ್ತದೆ, ಬಡಿಯುವವರ ರಟ್ಟೆ ಬೀಳುತ್ತದೆ. ನಾನು ಕೈಯಲ್ಲಿದ್ದ ಚಿನ್ನದ ಬಳೆ ಮಾರಿ ಹಿಂಜುವ ಮಶೀನು ತಂದೆ. ದಸ್ತಗೀರಸಾಬರು ಒಂದು ದಿನವೆಲ್ಲ ಬಡಿದು ಹಿಂಜುವಷ್ಟನ್ನು ಅದು ಗಿರಾಕಿ ಚಹಾ ಕುಡಿದು ಬರುವುದರೊಳಗೆ ಮುಗಿಸುತ್ತಿತ್ತು. ಊರೆಲ್ಲ ನನ್ನ ಅಂಗಡಿಗೆ ತಿರುಗಿತು. ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಚೆ ಬದಿಯಲ್ಲಿ ಆ ಮುದುಕ ಖಾಲಿ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿರುವುದನ್ನು ಕಂಡಾಗ ಕೈ ಇನ್ನಷ್ಟು ಚುರುಕಾಗುತ್ತಿತ್ತು.

ಅಷ್ಟರಲ್ಲಿ ನನ್ನ ಮಗಳು ರಮೀಜಾ ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣುಕೂಸು ಹುಟ್ಟಿತು. ಕೂಸಿನ ಮೊದಲ ಗಾದಿ ತಾಯಿಯ ತವರಿನದು. ನನಗೆ ಗೊತ್ತಿಲ್ಲದ್ದೇನಲ್ಲ, ಅದನ್ನು ಎದುರಂಗಡಿಯಲ್ಲಿ ತುಂಬಿಸಬೇಕು. ಆದರೆ ಆಸೆಗೆ ಕಣ್ಣಿಲ್ಲ. ಕೂಸು ಅಳಿಯನ ವಂಶದ್ದು, ಅವರ ಊರು ಬೇರೆ, ಅವರ ಮನೆ ಬೇರೆ, ನನ್ನ ಕೈ ಅದಕ್ಕೆ ಆದೀತು ಎಂದು ನನಗೆ ನಾನೇ ಹೇಳಿಕೊಂಡು, ಒಂದೊಂದೇ ಕಾಳು ಕಿತ್ತು, ಬೆಣ್ಣೆಯಂಥ ಅರಳೆ ಆರಿಸಿ ಗಾದಿ ಹೊಲಿದೆ. ಕೂಸನ್ನು ಅದರ ಮೇಲೆ ಮಲಗಿಸಿದ್ದೇ ತಡ, ಬಿಲ್ಲಿನಂತೆ ಬೆನ್ನು ಬಾಗಿಸಿ ಕಿರುಚಿತು. ಬರೀ ಚಾಪೆಯ ಮೇಲೆ ಹಾಕಿದರೆ ಸುಮ್ಮನಾಯಿತು. ಊರು ಆ ಕೂಸನ್ನು ನನ್ನ ಮನೆಯದೆಂದೇ ಎಣಿಸಿತ್ತು. ಹೊಲಿದದ್ದು ದಂಡವಾಯಿತೆಂದು ಅಳು ಬಂತು, ಕೂಸು ನನ್ನದೇ ಆಯಿತಲ್ಲ ಎಂದು ಅದರೊಳಗೇ ನಗುವೂ ಬಂತು.

ಕಟ್ಟೆಯ ಮೇಲೆ ಬಟ್ಟೆ ಇಟ್ಟು ಮಾತಿಲ್ಲದೆ ಬರಲು ಈ ಸಲ ಮನಸ್ಸಾಗಲಿಲ್ಲ. ಕೂಸಿನ ಕೆಲಸ. ತಲೆಯ ಮೇಲೆ ಸೆರಗು ಹೊದ್ದು ನೇರವಾಗಿ ಅಂಗಡಿಯೊಳಗೆ ಹೋದೆ.

“ಕಾಕಾ, ಮೊಮ್ಮಗಳಿಗೆ ಗಾದಿ ಬೇಕಾಗಿತ್ರಿ.”

ದಸ್ತಗೀರಸಾಬರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. “ಬೈಗಳಾ ಬಿಟ್ಟು ಬ್ಯಾರೆ ಮಾತೂ ಬರ್ತಾವಲ್ಲ ನಿನಗ,” ಎಂದರು. ಆಮೇಲೆ ಕೈ ಚಾಚಿ ಬಟ್ಟೆ ಇಸಿದುಕೊಂಡರು. “ಹೆಣ್ಣುಕೂಸ ಹೌದಲ್ಲ? ಮುಂದ ಹೊರೂದು ಭಾಳ ಇರ್ತೈತಿ ಆ ಬೆನ್ನಿಗೆ. ಈಗರ ಮೆತ್ತಗ ಮಲಗ್ಲಿ.”

ಅವರ ಹೆಂಡತಿ ಚಾಂದಬಿ ಚಿಗವ್ವ ಒಳಗಿನಿಂದ ಬಂದು ಕಾಳು ಆರಿಸಲು ಕೂತಳು. ಕಾಕಾ ಗೋಡೆಯ ಬಿಲ್ಲು ಇಳಿಸಿದರು. ತೋಳು ನಡುಗುತ್ತಿತ್ತು. ನಾಲ್ಕು ಏಟು ಬಡಿದು ನಿಲ್ಲುವರು, ಉಸಿರು ತೆಗೆದುಕೊಳ್ಳುವರು, ಮತ್ತೆ ಬಡಿಯುವರು. ಆದರೆ ಅರಳೆ ಏಳುತ್ತಿದ್ದ ಬಗೆಯನ್ನು ನೋಡುತ್ತಾ ನಾನು ಅಲ್ಲೇ ಕೂತುಬಿಟ್ಟೆ. ನನ್ನ ಮಶೀನು ಅರಳೆಯನ್ನು ಹರಿದು ಬಿಸಾಡುತ್ತದೆ. ಅವರು ಅದನ್ನು ಪುಸಲಾಯಿಸಿ ಎಬ್ಬಿಸುತ್ತಿದ್ದರು. ಆ ಗಾದಿಯ ಮೇಲೆ ಹಾಕಿದಾಗ ಕೂಸು ಒಮ್ಮೆ ಮೈ ಮುರಿದು, ಮುಷ್ಟಿ ಬಿಚ್ಚಿ ಮಲಗಿತು. ರಮೀಜಾಳೂ ಪಕ್ಕದಲ್ಲೇ ಒರಗಿ ನಿದ್ದೆ ಹೋದಳು.

ಹಣ ಕೊಡಹೋದರೆ ಕಾಕಾ ಮುಟ್ಟಲಿಲ್ಲ. “ಇರ್ಲಿ ಬಿಡು. ಇದು ನನ್ನ ಕೈಯಾನ ಕಡೇ ಗಾದಿ,” ಎಂದರು. “ಬರೂ ಅಮಾಸಿ ಆದಮ್ಯಾಲ ಅಂಗಡಿ ಮುಚ್ಚತೀನಿ. ಸಣ್ಣ ಮಗಳು ಕರಿಯಾಕತ್ತಾಳ, ಆಕಿ ಊರಿಗೆ ಹೋಗ್ತೀವಿ. ಇಲ್ಲಿ ಗಿರಾಕಿ ಇಲ್ಲ, ತೋಳಿನ್ಯಾಗ ಕಸುವಿಲ್ಲ. ಕುಂತು ಏನ ಮಾಡ್ಲಿ?”

ಯಾರೂ ಬಾಯಿ ಬಿಟ್ಟು ಹಾಕದ ಶಾಪ ನಡೆದು ಬಂದು ನನ್ನ ಹೊಸ್ತಿಲಲ್ಲಿ ಕೂತಿತ್ತು, ಅದನ್ನು ಕೈಹಿಡಿದು ಕರೆತಂದವಳು ನಾನೇ. ಎಳೆಗೂಸಿನ ಗಾದಿ ತೊಯ್ಯುತ್ತದೆ, ಗಂಟಾಗುತ್ತದೆ, ಆಗಾಗ ಬಿಚ್ಚಿ ಹಿಂಜಲೇಬೇಕು. ಕಾಕಾ ಹೋದ ಮೇಲೆ ಯಾರು ಹಿಂಜುವವರು? ಮನೆಗೆ ಬಂದು ರಮೀಜಾಳಿಗೆ ಹೇಳಿದೆ. ಅವಳು ಕೂಸನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

“ಕೂಸಿಗೆ ನಿದ್ದಿ ಇಲ್ಲದ ಮನ್ಯಾಗ ನಾ ಹ್ಯಾಂಗ ಇರ್ಲಿ ಯವ್ವಾ?” ಎಂದಳು. “ಗಂಡನ ಮನಿಗೆ ಹೋಗಬೇಕಾಕ್ಕೈತಿ. ಆಮ್ಯಾಲೂ ಇದನ್ನ ಕರಕೊಂಡು ಇಲ್ಲಿಗೆ ಬರಾಕ ಆಗೂದಿಲ್ಲ.”

ಒಬ್ಬಳೇ ಮಗಳು. ಅವಳ ಕೂಸು ನನ್ನ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಾರದು ಎಂದರೆ, ಆ ಮಶೀನು ಇಟ್ಟುಕೊಂಡು ನಾನು ಏನನ್ನು ಹಿಂಜಲಿ?

ಮರುದಿನದಿಂದ ಗಿರಾಕಿಗಳನ್ನು ಆಚೆಗೆ ದಾಟಿಸತೊಡಗಿದೆ. ಒಬ್ಬರಿಗೆ ಕೈನೋವು ಎಂದೆ, ಇನ್ನೊಬ್ಬರಿಗೆ ದಾರ ಮುಗಿದಿದೆ ಎಂದೆ. ಹಾಸ್ಟೆಲಿನ ಕಮಲಾಕ್ಷಮ್ಮ ಗಾಡಿ ತುಂಬ ಗಾದಿ ಹೇರಿಕೊಂಡು ಬಂದಾಗ, “ಮಶೀನು ಕೆಟ್ಟೈತ್ರಿ ಅಕ್ಕಾರ, ಎದುರಿಗೆ ಕೊಡ್ರಿ,” ಎಂದೆ. ಅದೇ ಗಳಿಗೆಗೆ ಒಳಗಿದ್ದ ರಮೀಜಾ, ಪಾಪ, ತಾಯಿಗೆ ಸಹಾಯ ಮಾಡೋಣವೆಂದು ಮಶೀನಿನ ಗುಂಡಿ ಒತ್ತಿದಳು. ಅದು ಗರಗರ ಎಂದು ಓಣಿಗೆಲ್ಲ ಕೇಳಿಸಿತು. ಕಮಲಾಕ್ಷಮ್ಮ ನನ್ನ ಮುಖ ನೋಡಿದರು, ನಾನು ಆಕಾಶ ನೋಡಿದೆ. ಆದರೂ ಆಕೆ ಒಳ್ಳೆಯವರು, ಗಾಡಿ ಆಚೆ ತಿರುಗಿಸಿದರು.

ಕಾಕಾ ಕಿವುಡರಲ್ಲವಲ್ಲ. ಒಂದು ಗಾದಿಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮುಂದೆ ಧೊಪ್ಪನೆ ಒಗೆದರು.

“ದಾನಾ ಮಾಡಾಕತ್ತೀಯೇನ ನನಗ? ಮಶೀನು ಕೆಟ್ಟೈತಂತ ಊರಿಗೆಲ್ಲ ಹೇಳಿ, ಒಳಗ ಗರಗರ ಅನಸಾಕತ್ತೀ! ಉಪವಾಸ ಬಿದ್ದೇನು, ನಿನ್ನ ಎಂಜಲ ಗಿರಾಕಿ ನನಗ ಬ್ಯಾಡ.”

“ಎಂಜಲಲ್ರಿ ಕಾಕಾ,” ಎಂದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. “ಹೋಗಬ್ಯಾಡ್ರಿ. ಎರಡೂ ಅಂಗಡಿ ಒಂದ ಮಾಡೂಣ್ರಿ. ಮಶೀನು ನಂದು, ಕೈಗುಣ ನಿಮ್ದು. ಬಂದಿದ್ರಾಗ ಅರ್ಧಾ ಅರ್ಧಾ. ನನಗ ಒಂಟಿಯಾಗಿ ಈ ಓಣ್ಯಾಗ ಇರಾಕ ಆಗೂದಿಲ್ಲ.”

ಕಾಕಾ ಒಗೆದ ಗಾದಿಯ ಮೇಲೆಯೇ ಕುಸಿದು ಕೂತರು. ಸಿಟ್ಟು ಇಳಿಯಲು ಹೊತ್ತು ಹಿಡಿಯಿತು. ಕೊನೆಗೆ, “ಚಾಂದಬೀನ ಕೇಳಬೇಕು,” ಎಂದರು. ನಮ್ಮಲ್ಲಿ ಹಾಗೆಂದರೆ ಒಪ್ಪಿದರು ಎಂದೇ ಅರ್ಥ.

ಓಣಿಯವರಿಗೆ ಚನ್ನಮಲ್ಲಪ್ಪನ ಅಂಗಡಿಯ ಜಿಲೇಬಿ ಹಂಚಿದೆವು. ಎರಡು ಹೆಸರಿನ ಒಂದು ಬೋರ್ಡು, ಒಂದು ಗಲ್ಲಾಪೆಟ್ಟಿಗೆ. ಆಚೆಯ ಅಂಗಡಿಯಲ್ಲಿ ಅರಳೆಯ ಮೂಟೆ ಒಟ್ಟಿದೆವು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಮೈ ಬೆಚ್ಚಗಾಗುತ್ತದೆ. ಕಾಕಾ ಮೂಲೆಯಲ್ಲಿ ಕೂತು ಗಾದಿಯ ಅಂಚು ಕಟ್ಟುವುದನ್ನು ನನಗೆ ಕಲಿಸಿದರು. ನಮ್ಮ ಮಾವನವರಿಗೂ ಬಾರದ ವಿದ್ಯೆ ಅದು. ನನ್ನ ಹೊಲಿಗೆಯನ್ನು ಬೆರಳಿನಿಂದ ಸವರಿ, “ಇರಿವಿ ಸಾಲು ಹೊಂಟಂಗ ಐತಿ ನೋಡು,” ಎಂದು ಚಾಂದಬಿ ಚಿಗವ್ವನಿಗೆ ತೋರಿಸುವರು. ಇಷ್ಟು ವರ್ಷ ಈ ಮಾತನ್ನು ಆಚೆ ಬದಿಯಿಂದ ಎಷ್ಟು ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದರೋ. ಮಧ್ಯಾಹ್ನ ಎಲ್ಲರೂ ಒಂದೇ ಬುತ್ತಿ ಬಿಚ್ಚುತ್ತಿದ್ದೆವು. ನಾನು ಚಿಕ್ಕವಳಿದ್ದಾಗಲೇ ಅಪ್ಪನನ್ನು ಕಳೆದುಕೊಂಡವಳು. ಯಾರಾದರೂ “ಉಂಡೇನವಾ?” ಎಂದು ಕೇಳಿದರೆ ಉಂಡಿದ್ದರೂ ಇಲ್ಲವೆಂದು ಮತ್ತೆ ಬುತ್ತಿಗೆ ಕೈ ಹಾಕುತ್ತಿದ್ದೆ.

ಕೂಸು ಮಾತ್ರ ಅಳತೊಡಗಿತು. ಹೊಟ್ಟೆನೋವೆಂದು ಬಜೆ ತೇಯ್ದು ನೆಕ್ಕಿಸಿದೆವು. ಓಮಿನ ನೀರು ಹನಿಸಿದೆವು. ಜಿಲೇಬಿ ತಿನ್ನಲು ಬಂದವರ ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದೆವು. ಯಾವುದಕ್ಕೂ ಜಗ್ಗಲಿಲ್ಲ. ನನಗೂ ನಿದ್ದೆಯಿಲ್ಲ; ಕೂಸು ಅಳುವಾಗ ಅಜ್ಜಿಗೆ ಎಲ್ಲಿಯ ನಿದ್ದೆ ಎಂದುಕೊಂಡು ಸುಮ್ಮನಿದ್ದೆ. ರಮೀಜಾಳ ಕಣ್ಣಿನ ಕೆಳಗೆ ಕಪ್ಪು ಇಳಿಯಿತು, ಹಾಲು ಕಡಿಮೆಯಾಯಿತು. ಒಂದು ದಿನ ಊಟದ ಹೊತ್ತಿಗೆ ನೋಡಿದರೆ ಅವಳು ಕೂಸಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. “ನಾಳೆ ಅವರನ್ನ ಕರಸ್ತೀನಿ ಯವ್ವಾ,” ಎಂದಷ್ಟೇ ಹೇಳಿದಳು.

ಆಗಲೇ ಚಾಂದಬಿ ಚಿಗವ್ವ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ಬಂದಳು.

“ಇಮಾಂಬಿ, ನನ್ನ ಗಾದ್ಯಾಗ ಏನ ತುಂಬೀಬೇ ನೀನು? ಹೋದ ವರ್ಷ ನೀ ತುಂಬಿದ್ದ ಗಾದಿ, ಇಷ್ಟ ದಿನಾ ಹೂವಿನಂಗ ಇತ್ತು. ಈಗ ಕಲ್ಲ ರಾಶಿ ಮ್ಯಾಲ ಮಲಗಿದಂಗ ಆಗೇತಿ. ಬೋರ್ಡ್ ಹಾಕಿದಾಗಿಂದ ನಾವಿಬ್ಬರೂ ರೆಪ್ಪಿಗೆ ರೆಪ್ಪಿ ಹಚ್ಚಿಲ್ಲ. ಇವರು ನಿನಗ ಹೇಳಬ್ಯಾಡ, ಹುಡುಗಿ ನೊಂದುಕೊಂತಾಳ ಅಂತ ನನ್ನ ಬಾಯಿ ಮುಚ್ಚಿಸಿದ್ರು.”

ನಾನು ಓಡಿಹೋಗಿ ಕೂಸಿನ ಗಾದಿ ಮುಟ್ಟಿ ನೋಡಿದೆ. ಬಿಲ್ಲಿನಲ್ಲಿ ಪುಸಲಾಯಿಸಿ ಎಬ್ಬಿಸಿದ್ದ ಆ ಅರಳೆ ಗಂಟು ಗಂಟಾಗಿತ್ತು. ಕಾಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಒಂದು ಬೋರ್ಡು, ಒಂದು ಗಲ್ಲಾ, ಒಂದು ಬುತ್ತಿ. ನಾವು ಒಂದೇ ಮನೆಯವರಾಗಿಬಿಟ್ಟಿದ್ದೆವು. ಅವರ ಕೈ ನನ್ನ ಕೈಯಾಯಿತು, ನನ್ನ ಕೈ ಅವರದಾಯಿತು, ಎರಡೂ ಎರಡು ಮನೆಗೂ ಆಗದ ಹಾಗಾಯಿತು. ತೊಟ್ಟಿಲಿನಿಂದಲೇ ಊರಿನ ಕಟ್ಟು ಗೊತ್ತಿದ್ದವರು ನಾವು, ಇದೊಂದು ನಮ್ಮ ತಲೆಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಎದುರುಬದುರಿನ ಅಂಗಡಿಯವರು ಹೀಗೆ ಒಬ್ಬರನ್ನೊಬ್ಬರು ಹಚ್ಚಿಕೊಂಡದ್ದನ್ನು ಈ ಊರು ಎಂದೂ ಕಂಡಿರಲಿಲ್ಲ.

ಕಾಕಾ ಮೂಲೆಯ ಬಿಲ್ಲು ಎತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ, ಅವರ ತೋಳು ಹಿಡಿದೆ.

“ಬಿಟ್ಟು ಹೋಗಬ್ಯಾಡ್ರಿ ಕಾಕಾ.”

“ಹೋಗೂದು ಎಲ್ಲಿಗೆ? ಎದುರಿಗೆ,” ಎಂದರು. “ಮಗಳ ಊರಿಗೆ ಹೋಗೂದಿಲ್ಲ. ನನ್ನ ಅಂಗಡಿ ಮತ್ತ ತಗೀತೀನಿ. ನಿನ್ನ ಮೊಮ್ಮಗಳಿಗೆ ನಾ ಎದುರಿನವ ಆಗಬೇಕು, ಮನಿಯವ ಆದ್ರ ನಡಿಯೂದಿಲ್ಲ.”

“ಅಂಗಡಿ ತಗದು ಏನ ತಿಂತೀರಿ? ನಿಮ್ಮ ತೋಳಿನ್ಯಾಗ ಕಸುವಿಲ್ಲ.”

ಇದಕ್ಕೆ ಚಾಂದಬಿ ಚಿಗವ್ವನೇ ದಾರಿ ಕಂಡಳು. “ನಮ್ಮ ಗಿರಾಕಿ ಅರಳಿ ನಿನ್ನ ಮಶೀನಿಗೆ ತರ್ತೀವಿ. ಬಾಡಿಗಿ ಕೊಡ್ತೀವಿ, ಬ್ಯಾಡ ಅನ್ನಂಗಿಲ್ಲ. ಬಾಡಿಗಿ ಕೊಟ್ಟವರು ಗಿರಾಕಿ, ಪಾಲು ತಗೊಂಡವರು ಮನಿಯವರು. ಹಿಂಜಿದ್ದನ್ನ ತುಂಬೂದು, ಅಂಚು ಕಟ್ಟೂದು ಇವರ ಕೈಲೆ ಇನ್ನೂ ಆಕ್ಕೈತಿ.”

“ನನ್ನ ಕಡೆ ಹೆಚ್ಚಾದ ಕೆಲಸ ನಿಮ್ಮಲ್ಲಿಗೆ ಕಳಸ್ತೀನಿ. ಸಿಟ್ಟಿಗೇಳಬಾರದು.”

“ಏಳ್ತೀನಿ,” ಎಂದರು ಕಾಕಾ. “ಸಿಟ್ಟಿಗೆದ್ದ ತಗೊಂತೀನಿ. ಆದರ ಒಂದ ಮಾತು. ನಿಮ್ಮ ಮನಿ ಅರಳಿ ಮಾತ್ರ ಮಶೀನಿಗೆ ಹಾಕೂದಿಲ್ಲ. ನಿನ್ನ ಮಶೀನು ಮುಟ್ಟಿದ್ದು ನಿನಗ ಒಗ್ಗೂದಿಲ್ಲ. ನಿನ್ನ ಮನಿಗೆ, ಆ ಕೂಸಿಗೆ, ಈ ಬಿಲ್ಲಿನಾಗ ಹಿಂಜತೀನಿ. ಅಷ್ಟ ಕಸುವು ಐತಿ.”

ಗಲ್ಲಾದಲ್ಲಿದ್ದುದನ್ನು ಎರಡು ಮಾಡಿ ಅವರ ಪಾಲನ್ನು ಚಿಗವ್ವನ ಉಡಿಗೆ ಹಾಕಿದೆ. ಬೋರ್ಡು ಇಳಿಸಿದೆವು. ಕಾಕಾ ಬಿಲ್ಲು ಹೊತ್ತು ಓಣಿ ದಾಟಿದರು. ಇಷ್ಟೇ ಅಗಲದ ಓಣಿ, ಒಂದು ಎತ್ತಿನ ಗಾಡಿ ಬಂದರೆ ನಾವೆಲ್ಲ ಗೋಡೆಗೆ ಅಂಟಿಕೊಳ್ಳಬೇಕು. ಆದರೂ ಅವರು ಎಲ್ಲಿಗೋ ದೂರ ಹೋಗುತ್ತಿದ್ದಾರೆ ಎನಿಸಿತು. ಅರಳೆ ಮೂಟೆಗಳನ್ನು ಸರಿಸಿ, ಹಲಗೆಗಳನ್ನು ತೆಗೆದು, ತಮ್ಮ ಜಾಗದಲ್ಲಿ ಕೂತರು.

ಒಳಗೆ ಕೂಸು ಅಳುತ್ತಲೇ ಇತ್ತು. ರಮೀಜಾ ಅದನ್ನು ಗಾದಿಯ ಮೇಲೆ ಮಲಗಿಸಿ ಕಾದು ನೋಡಿದಳು, ಎತ್ತಿಕೊಂಡಳು, ಮತ್ತೆ ಮಲಗಿಸಿದಳು. ಗಾದಿಯ ಗಂಟು ಕರಗಿರಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು ಆಚೆ ನೋಡಿದೆ, ಕಾಕಾ ಅಲ್ಲಿಂದ ಈಚೆ ನೋಡಿದರು. ಬೋರ್ಡು ಬೇರೆಯಾಗಿತ್ತು, ಗಲ್ಲಾ ಬೇರೆಯಾಗಿತ್ತು, ಮನಸ್ಸು ಇನ್ನೂ ಒಂದೇ ಬುತ್ತಿಯಲ್ಲಿ ಕೈ ಇಟ್ಟುಕೊಂಡು ಕೂತಿತ್ತು.

ಆ ಹೊತ್ತಿಗೆ ತಲೆಯ ಮೇಲೆ ಹಳೆಯ ಗಾದಿ ಹೊತ್ತುಕೊಂಡು ಯಾರೋ ಒಬ್ಬ ಗಿರಾಕಿ ಓಣಿಯೊಳಗೆ ಬಂದ. ರೂಢಿಯಂತೆ ನನ್ನ ಅಂಗಡಿಯ ಕಡೆಗೇ ಹೊರಳಿದ. ಕಾಕಾ ಎದ್ದು ನಿಂತರು. ಕೊರಳು ಸರಿಮಾಡಿಕೊಂಡರು.

“ಏ ಯಜಮಾನ್ರ! ಅತ್ತಾಗ ಎಲ್ಲಿ ಹೊಂಟ್ರಿ? ಆಕಿ ಗಾದಿ ಒಂದು ಮಳಿಗಾಲ ತಡಿಯೂದಿಲ್ಲ! ಹೊಲಿಗಿ ನೋಡೀರೇನು? ಕೋಳಿ ತಿಪ್ಪಿ ಕೆದರಿದಂಗ ಐತಿ!”

ನಿನ್ನೆ ಇರುವೆ ಸಾಲು ಎಂದಿದ್ದವರು. ಒಂದು ಕ್ಷಣ ನನಗೆ ನಿಜವಾಗಿಯೂ ಚುರುಕ್ಕೆಂದಿತು. ಆಮೇಲೆ ಅವರ ಮುಖ ನೋಡಿದೆ. ಬೈಯುತ್ತಿದ್ದ ಆ ಮುದುಕನ ಎರಡೂ ಕಣ್ಣು ತುಂಬಿದ್ದವು. ಒಳಗೆ ಕೂಸು ಬಿಕ್ಕಿ, ತಡೆದು, ಕಿವಿಗೊಟ್ಟ ಹಾಗೆ ಸುಮ್ಮನಾಯಿತು.

“ಯವ್ವಾ!” ರಮೀಜಾ ಪಿಸುಗುಟ್ಟಿದಳು. “ನೀನೂ ಬೈ.”

ಬೈಗುಳದಲ್ಲಿ ಊರಿಗೇ ಹೆಸರಾದವಳು ನಾನು. ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರೆಳೆದೆ.

“ಬರ್ರೀ ಯಣ್ಣಾ ಈ ಕಡೆ! ಆ ಮುದುಕಪ್ಪನ ಕೈಗೆ ಕೊಟ್ಟರ, ಒಂದು ಗಾದಿ ಹಿಂಜೂದ್ರಾಗ ನಿಮ್ಮ ಮಗನ ಮದವಿ ಮುಗದು ಮೊಮ್ಮಗ ಹುಟ್ಟಿರ್ತಾನ!”

ಕಾಕಾ ತೊಡೆ ತಟ್ಟಿಕೊಂಡು ನಕ್ಕರು. “ಕುಣ್ಯಾಕ ಬಾರದಾಕಿ ನೆಲಾ ಡೊಂಕ ಅಂದ್ಲಂತ! ಮಶೀನಿನ ಗುಂಡಿ ಒತ್ತಿದ್ರ ಕಸುಬು ಬರ್ತೈತೇನ?” ಗಿರಾಕಿ ಗಾದಿ ಹೊತ್ತು ಓಣಿಯ ನಡುವೆ ಅತ್ತ ಇತ್ತ ನೋಡುತ್ತಾ ನಿಂತ. ಚಾಂದಬಿ ಚಿಗವ್ವ ಗಂಡನ ಹಿಂದೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು, ಮುಂದಿನ ಬೈಗುಳವನ್ನು ಅವರ ಕಿವಿಯಲ್ಲಿ ಹೇಳಿಕೊಡುತ್ತಿದ್ದಳು.

ಹಿಂದಿನಿಂದ ರಮೀಜಾಳ ದನಿ ಬಂತು, ಇಷ್ಟು ದಿನದಲ್ಲಿ ಮೊದಲ ಬಾರಿಗೆ ನಗು ಬೆರೆತ ದನಿ.

“ಇನ್ನೊಂದೀಟು ಬೈಯವ್ವಾ. ಕೂಸು ಕಣ್ಣು ಮುಚ್ಚಾಕತ್ತೈತಿ.”

ನಾನು ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, ಓಣಿಗಿಳಿದೆ.